ಬೆಳಿಗ್ಗೆ ಒಂದು ಥರ, ಸಂಜೆ ಇನ್ನೊಂದು ಥರ: ರಕ್ತ ಹೆಪ್ಪುಗಟ್ಟುವ ಮತ್ತು ಹೆಪ್ಪು ಕರಗುವ ದಿನಚರಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯವಾಗಿರುವವರ ರಕ್ತ ದಿನವಿಡೀ ಒಂದೇ ರೀತಿ ಹೆಪ್ಪುಗಟ್ಟುವುದಿಲ್ವಾ?

ಇಲ್ಲ. ಮೈ ಬಿಸಿ, ಬಿಪಿ, ನಿದ್ದೆ, ಹಸಿವು ಎಲ್ಲಕ್ಕೂ ಒಂದು ದಿನಚರಿ ಇದೆ. ರಕ್ತಕ್ಕೂ ಇದೆ. ಯಾವ ಕಾಯಿಲೆಯೂ ಇಲ್ಲದ ವ್ಯಕ್ತಿಯಲ್ಲೂ ಬೆಳಗಿನ ಹೊತ್ತು ರಕ್ತ ಹೆಪ್ಪಿನ ಕಡೆಗೆ ಸ್ವಲ್ಪ ವಾಲಿರುತ್ತದೆ. ಮಧ್ಯಾಹ್ನ ಕಳೆದು ಸಂಜೆಯಾಗುವಷ್ಟರಲ್ಲಿ ಅದು ಕರಗಿಸುವ ಕಡೆಗೆ ತಿರುಗುತ್ತದೆ. ರಾತ್ರಿ ಮತ್ತೆ ನಿಧಾನಕ್ಕೆ ಹಿಂದಕ್ಕೆ ಬರುತ್ತದೆ.

ಇದನ್ನು ಓದಿದ ತಕ್ಷಣ ಕೆಲವರಿಗೆ ಭಯವಾಗುತ್ತದೆ. ಭಯ ಬೇಡ. ಇದು ದೇಹದ ಮಾಮೂಲಿ ನಡೆ, ದೋಷವಲ್ಲ. ಆರೋಗ್ಯವಾದ ರಕ್ತನಾಳಗಳು ಈ ಏರಿಳಿತವನ್ನು ಪ್ರತಿದಿನ ಸಲೀಸಾಗಿ ನಿಭಾಯಿಸುತ್ತವೆ.

ಹೆಪ್ಪುಗಟ್ಟುವುದು ಗೊತ್ತು. ಹೆಪ್ಪು ಕರಗುವುದು ಅಂದರೇನು?

ಈ ವಿಷಯದ ಅರ್ಧ ಭಾಗ ಇಲ್ಲೇ ಇದೆ. ಆದರೆ ಇದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ.

ಗಾಯವಾದಾಗ ಮೊದಲು ಪ್ಲೇಟ್‌ಲೆಟ್‌ಗಳು ಬಂದು ಅಂಟಿಕೊಳ್ಳುತ್ತವೆ. ಆಮೇಲೆ ರಕ್ತದಲ್ಲಿರುವ ಫ್ಯಾಕ್ಟರ್‌ಗಳು, ಅಂದರೆ ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು, ಒಂದರ ಹಿಂದೆ ಒಂದು ಚುರುಕಾಗುತ್ತವೆ. ಕೊನೆಗೆ ಥ್ರಾಂಬಿನ್ ಎಂಬ ಕಿಣ್ವವು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಫೈಬ್ರಿನ್ ಎಳೆಗಳಾಗಿ ಬದಲಿಸುತ್ತದೆ. ಈ ಎಳೆಗಳ ಬಲೆಯೇ ಹೆಪ್ಪು.

ಆ ಬಲೆ ಶಾಶ್ವತವಾಗಿ ಇರಬಾರದು. ಮೋಲ್ಡ್ ಹಾಕಿದ ಮೇಲೆ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಸೆಂಟ್ರಿಂಗ್ ಇರಬೇಕು, ಆಮೇಲೆ ಬಿಚ್ಚಲೇಬೇಕು. ಹೆಪ್ಪೂ ಹಾಗೇ. ಬಿಚ್ಚುವ ಕೆಲಸ ಮಾಡುವುದು ಪ್ಲಾಸ್ಮಿನ್. ಅದು ರಕ್ತದಲ್ಲಿ ಪ್ಲಾಸ್ಮಿನೋಜನ್ ಎಂಬ ನಿದ್ದೆಯ ರೂಪದಲ್ಲಿ ಓಡಾಡುತ್ತಿರುತ್ತದೆ. ರಕ್ತನಾಳದ ಒಳಪದರ ಬಿಡುಗಡೆ ಮಾಡುವ ಟಿಪಿಎ ಎಂಬ ಪ್ರೋಟೀನ್ ಅದನ್ನು ಎಬ್ಬಿಸುತ್ತದೆ. ಸ್ಟ್ರೋಕ್ ಆದ ಕೂಡಲೇ ಆಸ್ಪತ್ರೆಯಲ್ಲಿ ಕೊಡುವ ಹೆಪ್ಪು ಕರಗಿಸುವ ಇಂಜೆಕ್ಷನ್ ಇದೇ ಟಿಪಿಎಯನ್ನು ಹೊರಗೆ ತಯಾರಿಸಿದ್ದು.

ಟಿಪಿಎಗೆ ಬ್ರೇಕ್ ಹಾಕುವ ಇನ್ನೊಂದು ಪ್ರೋಟೀನ್ ಇದೆ. ಅದರ ಹೆಸರು ಪಿಎಐ-1. ಅದು ಟಿಪಿಎಯನ್ನು ಹಿಡಿದು ಅದರ ಕೆಲಸ ನಿಲ್ಲಿಸಿಬಿಡುತ್ತದೆ. ಮುಂದಿನ ಪ್ರಶ್ನೆಗಳಲ್ಲಿ ಈ ಎರಡು ಹೆಸರು ಮತ್ತೆ ಮತ್ತೆ ಬರುತ್ತವೆ, ನೆನಪಿಟ್ಟುಕೊಳ್ಳಿ.

ಹಾಗಾದರೆ ಬೆಳಿಗ್ಗೆ ನಿಜವಾಗಿ ಆಗುವುದೇನು?

ನಸುಕಿನಲ್ಲಿ ಪಿಎಐ-1 ತನ್ನ ತುತ್ತತುದಿ ಮುಟ್ಟುತ್ತದೆ. ಸುಮಾರು 6ರಿಂದ 8 ಗಂಟೆಯ ಹೊತ್ತಿಗೆ ಅದು ದಿನದಲ್ಲೇ ಅತಿ ಹೆಚ್ಚು. ಅದೇ ಹೊತ್ತಿಗೆ, ಬಿಡುವಾಗಿ ಕೆಲಸಕ್ಕೆ ಸಿಗುವ ಟಿಪಿಎ ದಿನದಲ್ಲೇ ಅತಿ ಕಡಿಮೆ. ಬ್ರೇಕ್ ಜೋರಾಗಿ ಒತ್ತಿರುವುದರಿಂದ ಹೆಪ್ಪು ಕರಗಿಸುವ ಶಕ್ತಿ ಬೆಳಿಗ್ಗೆ ತೀರಾ ಕೆಳಗಿರುತ್ತದೆ. ಮಧ್ಯಾಹ್ನದ ಮೇಲೆ ಪಿಎಐ-1 ಇಳಿಯುತ್ತದೆ, ಟಿಪಿಎ ಚುರುಕಾಗುತ್ತದೆ. ಸಂಜೆಗೆ ಕರಗಿಸುವ ಶಕ್ತಿ ಚೆನ್ನಾಗಿರುತ್ತದೆ.

ಲ್ಯಾಬ್ ರಿಪೋರ್ಟ್ ಓದುವವರನ್ನು ಗೊಂದಲಕ್ಕೆ ತಳ್ಳುವ ಒಂದು ಸಂಗತಿ ಇಲ್ಲಿದೆ. ಟಿಪಿಎಯ ಒಟ್ಟು ಪ್ರಮಾಣ ಅಳೆದರೆ ಅದು ಬೆಳಿಗ್ಗೆಯೇ ಜಾಸ್ತಿ ಕಾಣಿಸುತ್ತದೆ! ಏಕೆಂದರೆ ಅದರಲ್ಲಿ ಬಹುಪಾಲು ಪಿಎಐ-1 ಜೊತೆ ಅಂಟಿಕೊಂಡು ಸುಮ್ನೆ ಸುತ್ತುತ್ತಿರುತ್ತದೆ. ಲೆಕ್ಕಕ್ಕೆ ಉಂಟು, ಕೆಲಸಕ್ಕಿಲ್ಲ. ಹಾಗಾಗಿ ‘ಎಷ್ಟಿದೆ’ ಎಂಬುದು ಒಂದು ಟೆಸ್ಟ್, ‘ಎಷ್ಟು ಕೆಲಸ ಮಾಡುತ್ತಿದೆ’ ಎಂಬುದು ಬೇರೆಯೇ ಟೆಸ್ಟ್.

ಇದನ್ನು ಮೊದಲು ಕಂಡುಕೊಂಡಿದ್ದು ಹೇಗೆ?

1950ರ ದಶಕದಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ಫಿಯರ್ನ್ಲಿ ಎಂಬ ವೈದ್ಯರಿದ್ದರು. ಆಗ ಪಿಎಐ-1 ಎಂಬ ಹೆಸರೇ ಇರಲಿಲ್ಲ. ಅವರು ಮಾಡಿದ್ದು ತುಂಬಾ ಸರಳ ಕೆಲಸ. ತೋಳಿನಿಂದ ತೆಗೆದ ರಕ್ತವನ್ನು ತಣ್ಣಗಿನ ದ್ರಾವಣದಲ್ಲಿ ತೆಳುವಾಗಿಸಿ, ಥ್ರಾಂಬಿನ್ ಹಾಕಿ ಗಾಜಿನ ಕೊಳವೆಯಲ್ಲಿ ಹೆಪ್ಪುಗಟ್ಟಿಸುವುದು. ಅದನ್ನು ಮೈ ಬಿಸಿಯಷ್ಟೇ ಶಾಖದಲ್ಲಿ, ಅಂದರೆ 37 ಡಿಗ್ರಿಯಲ್ಲಿ ಇಡುವುದು. ಆಮೇಲೆ ಆಗಾಗ ಕೊಳವೆ ಎತ್ತಿ ನೋಡುವುದು. ಹೆಪ್ಪು ಅಂಚಿನಿಂದ ಸಡಿಲವಾಗಿ, ಕುಗ್ಗಿ, ಕೊನೆಗೆ ಪೂರ್ತಿ ಕರಗಿ ನೀರಾಗುವ ತನಕ ಎಷ್ಟು ಹೊತ್ತು ಹಿಡಿಯಿತು ಅಂತ ಬರೆದಿಡುವುದು.

ತೆಳುವಾಗಿಸುವುದಕ್ಕೆ ಕಾರಣವಿದೆ. ಮಾಮೂಲಿ ರಕ್ತದಲ್ಲಿ ಕರಗುವುದನ್ನು ತಡೆಯುವ ಪದಾರ್ಥಗಳು ಬಲವಾಗಿರುತ್ತವೆ. ಹೆಪ್ಪು ದಿನಗಟ್ಟಲೆ ಹಾಗೇ ಕೂತಿರುತ್ತದೆ. ತೆಳುವಾದಾಗ ಆ ತಡೆ ಸಡಿಲವಾಗಿ, ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕಣ್ಣಿಗೆ ಕಾಣುತ್ತದೆ.

ಒಬ್ಬರದೇ ರಕ್ತವನ್ನು ಬೇರೆ ಬೇರೆ ಹೊತ್ತಿನಲ್ಲಿ ತೆಗೆದು ನೋಡಿದಾಗ, ಹಗಲು ಏರಿದಂತೆ ಹೆಪ್ಪು ಬೇಗ ಕರಗುತ್ತಿತ್ತು. ರಾತ್ರಿಯ ರಕ್ತದಲ್ಲಿ ನಿಧಾನವಾಗುತ್ತಿತ್ತು. 1957ರಲ್ಲಿ ಅವರು ಮತ್ತು ಅವರ ಜೊತೆಗಾರರು ಇದನ್ನು ಪ್ರಕಟಿಸಿದರು. ದೊಡ್ಡ ಮಷೀನು ಯಾವುದೂ ಇಲ್ಲದೆ, ಗಾಜಿನ ಕೊಳವೆ, ಗಡಿಯಾರ ಮತ್ತು ತಾಳ್ಮೆ ಇಟ್ಟುಕೊಂಡು ಮಾಡಿದ ಕೆಲಸವಿದು. ನನಗೆ ಈ ಕ್ಷೇತ್ರದಲ್ಲಿ ಅತಿ ಇಷ್ಟವಾದ ಪ್ರಯೋಗ ಇದೇ.

ಎದ್ದು ಓಡಾಡುವುದರಿಂದ ಹೀಗಾಗುತ್ತದೋ, ಒಳಗೆ ನಿಜವಾಗಿ ಗಡಿಯಾರ ಇದೆಯೋ?

ಎರಡೂ ಇವೆ. ಆದರೆ ಯಾವುದಕ್ಕೆ ಯಾವುದು ಕಾರಣ ಅಂತ ಬಿಡಿಸುವುದು ಸುಲಭವಾಗಿರಲಿಲ್ಲ.

1987ರಲ್ಲಿ ಟಾಫ್ಲರ್ ಮತ್ತು ಸಂಗಡಿಗರು ಅಮೆರಿಕದಲ್ಲಿ 15 ಮಂದಿ ಆರೋಗ್ಯವಂತ ಗಂಡಸರ ಪ್ಲೇಟ್‌ಲೆಟ್‌ಗಳನ್ನು ಪರೀಕ್ಷಿಸಿದರು. ಬೆಳಿಗ್ಗೆ 6ರಿಂದ 9ರ ನಡುವೆ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವ ಗುಣ ಜಾಸ್ತಿಯಾಯಿತು. ಆದರೆ ಅದೇ ಹೊತ್ತಿನಲ್ಲಿ ಎದ್ದೇಳದೆ ಹಾಸಿಗೆಯಲ್ಲೇ ಮಲಗಿಸಿ ನೋಡಿದಾಗ ಆ ಏರಿಕೆ ಕಾಣಲಿಲ್ಲ. ಅಂದರೆ ಆ ಭಾಗಕ್ಕೆ ಕಾರಣ ಎದ್ದು ನಿಲ್ಲುವುದು ಮತ್ತು ಆಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಥರದ ಹಾರ್ಮೋನುಗಳು.

ಪಿಎಐ-1 ಕಥೆ ಬೇರೆ. ಬಾಸ್ಟನ್‌ನ ಶೀರ್ ಮತ್ತು ಶೇ ಎಂಬ ವಿಜ್ಞಾನಿಗಳು 12 ಮಂದಿ ಆರೋಗ್ಯವಂತರನ್ನು ಮಂದ ಬೆಳಕಿನ ಕೋಣೆಗಳಲ್ಲಿ ಇರಿಸಿದರು. ಹೊರಗಿನ ಹೊತ್ತು ತಿಳಿಯುವ ದಾರಿ ಇರಲಿಲ್ಲ. ಅವರ ‘ದಿನ’ 24 ಗಂಟೆಯದಲ್ಲ, 20 ಗಂಟೆಯದು. ಊಟ, ನಿದ್ದೆ, ಏಳುವುದು ಎಲ್ಲವೂ ಆ ಲೆಕ್ಕದಲ್ಲೇ. ಹೀಗೆ ಮಾಡಿದರೆ ಎಚ್ಚರ-ನಿದ್ದೆಯ ಸುತ್ತು ಒಳಗಿನ ಗಡಿಯಾರದಿಂದ ದಿನದಿಂದ ದಿನಕ್ಕೆ ದೂರ ಸರಿಯುತ್ತದೆ. ಒಮ್ಮೆ ದೇಹದ ನಸುಕಿನಲ್ಲಿ ಊಟ, ಇನ್ನೊಮ್ಮೆ ದೇಹದ ಸಂಜೆಯಲ್ಲಿ ನಿದ್ದೆ. ಆಗ ಯಾವುದು ನಡವಳಿಕೆಯ ಪರಿಣಾಮ, ಯಾವುದು ಗಡಿಯಾರದ್ದು ಎಂದು ಬೇರೆ ಬೇರೆ ಮಾಡಬಹುದು. 2014ರಲ್ಲಿ ಬಂದ ಫಲಿತಾಂಶ ಸ್ಪಷ್ಟವಾಗಿತ್ತು. ಮಲಗಿದ್ದರೂ ಎದ್ದಿದ್ದರೂ, ಉಂಡಿದ್ದರೂ ಹಸಿದಿದ್ದರೂ, ದೇಹದ ಗಡಿಯಾರದ ಪ್ರಕಾರ ಬೆಳಗಾದಾಗ ಪಿಎಐ-1 ಏರುತ್ತಿತ್ತು.

ಹಾಗಾಗಿ ನಾನು ಇದನ್ನು ಹೀಗೆ ಹೇಳುತ್ತೇನೆ: ಪ್ಲೇಟ್‌ಲೆಟ್‌ಗಳ ಬೆಳಗಿನ ಅಂಟುಗುಣ ಬಹುಮಟ್ಟಿಗೆ ನಾವು ಎದ್ದೇಳುವುದರಿಂದ ಬರುತ್ತದೆ, ಕರಗಿಸುವ ಶಕ್ತಿಯ ಬೆಳಗಿನ ಕುಸಿತ ಬಹುಮಟ್ಟಿಗೆ ಒಳಗಿನ ಗಡಿಯಾರದಿಂದ ಬರುತ್ತದೆ.

ಆ ಗಡಿಯಾರ ಎಲ್ಲಿದೆ?

ಮುಖ್ಯವಾದದ್ದು ಮಿದುಳಿನಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ. ಬೆಳಕು ನೋಡಿ ಅದು ಸಮಯ ಸರಿಪಡಿಸಿಕೊಳ್ಳುತ್ತದೆ. ಆದರೆ ಅದೊಂದೇ ಅಲ್ಲ. ಲಿವರ್, ಹೃದಯ, ರಕ್ತನಾಳದ ಒಳಪದರ, ಹೀಗೆ ಬಹುತೇಕ ಎಲ್ಲ ಜೀವಕೋಶಗಳಲ್ಲೂ ಗಡಿಯಾರದ ಜೀನ್‌ಗಳಿವೆ. ಈ ಜೀನ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂದು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು.

ಗಡಿಯಾರದ ಪ್ರೋಟೀನ್‌ಗಳು ಪಿಎಐ-1 ಜೀನ್‌ನ ಸ್ವಿಚ್ ಮೇಲೆಯೇ ನೇರವಾಗಿ ಕೂರುತ್ತವೆ. ಅದಕ್ಕೇ ಈ ಪ್ರೋಟೀನ್ ಗಡಿಯಾರದ ಮಾತನ್ನು ಇಷ್ಟು ನಿಷ್ಠೆಯಿಂದ ಕೇಳುತ್ತದೆ.

ಹೆಪ್ಪುಗಟ್ಟಿಸುವ ಫ್ಯಾಕ್ಟರ್‌ಗಳೂ ಇಷ್ಟೇ ಏರಿಳಿಯುತ್ತವಾ?

ಇಲ್ಲ, ತುಂಬಾ ಕಡಿಮೆ. ಫ್ಯಾಕ್ಟರ್ 7, ಫ್ಯಾಕ್ಟರ್ 8, ಫೈಬ್ರಿನೋಜನ್ ಬೆಳಗಿನ ಕಡೆ ಸ್ವಲ್ಪ ಮೇಲಿರುತ್ತವೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಆದರೆ ಆ ವ್ಯತ್ಯಾಸ ಚಿಕ್ಕದು. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಪಿಟಿ, ಎಪಿಟಿಟಿಯಂಥ ಮಾಮೂಲಿ ಟೆಸ್ಟ್‌ಗಳಲ್ಲಿ ಆರೋಗ್ಯವಂತರಿಗೆ ಅದು ಕಣ್ಣಿಗೆ ಬೀಳುವುದೇ ಅಪರೂಪ. ಪಿಎಐ-1 ಕೆಲಸದ ಮಟ್ಟವಾದರೋ ಸಂಜೆಗಿಂತ ಬೆಳಿಗ್ಗೆ ದುಪ್ಪಟ್ಟು ಅಥವಾ ಇನ್ನೂ ಜಾಸ್ತಿ ಇರಬಹುದು.

ಇಡೀ ವಿಷಯದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ‘ಬೆಳಿಗ್ಗೆ ರಕ್ತ ದಪ್ಪವಾಗುತ್ತದೆ’ ಎಂಬ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಅದು ಸರಿಯಾದ ಚಿತ್ರವಲ್ಲ. ಹೆಪ್ಪು ಕಟ್ಟುವ ಶಕ್ತಿ ದಿನವಿಡೀ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ದೊಡ್ಡದಾಗಿ ಏರಿಳಿಯುವುದು ಕಟ್ಟಿದ ಹೆಪ್ಪನ್ನು ಬಿಚ್ಚುವ ಶಕ್ತಿ.

ದೇಹ ಹೀಗ್ಯಾಕೆ ಮಾಡಿಕೊಂಡಿದೆ?

ಮನುಷ್ಯ ಎದ್ದು ಓಡಾಡಲು ಶುರುಮಾಡಿದಾಗ ಗಾಯವಾಗುವ ಸಾಧ್ಯತೆ ಜಾಸ್ತಿ. ಆ ಹೊತ್ತಿಗೆ ಕಟ್ಟಿದ ಹೆಪ್ಪು ಬೇಗ ಬಿಚ್ಚಿಹೋಗದಿದ್ದರೆ ಒಳ್ಳೆಯದು. ಇದು ಒಂದು ಊಹೆ. ಒಪ್ಪುವಂಥದ್ದೇ, ಆದರೆ ಊಹೆಯಾಗಿಯೇ ಇಟ್ಟುಕೊಳ್ಳೋಣ.

ಹಾರ್ಟ್ ಅಟ್ಯಾಕ್ ಬೆಳಿಗ್ಗೆಯೇ ಜಾಸ್ತಿಯಂತೆ. ಇದೇ ಕಾರಣವಾ?

ಬೆಳಿಗ್ಗೆ ಜಾಸ್ತಿ ಎಂಬುದು ನಿಜ. 1985ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಸಂಗಡಿಗರು ಹಾರ್ಟ್ ಅಟ್ಯಾಕ್ ಶುರುವಾದ ಹೊತ್ತನ್ನು ರೋಗಿಗಳ ಮಾತಿನಿಂದ ಮಾತ್ರವಲ್ಲ, ರಕ್ತದಲ್ಲಿ ಏರುವ ಹೃದಯದ ಕಿಣ್ವದಿಂದಲೂ ಲೆಕ್ಕ ಹಾಕಿದರು. ಬೆಳಿಗ್ಗೆ 9ರ ಸುಮಾರಿಗೆ ಅತಿ ಹೆಚ್ಚು, ರಾತ್ರಿ 11ರ ಸುಮಾರಿಗೆ ಅತಿ ಕಡಿಮೆ. ಎರಡರ ನಡುವೆ ಮೂರು ಪಟ್ಟು ವ್ಯತ್ಯಾಸ.

ಆದರೆ ಕಾರಣ ಒಂದೇ ಅಲ್ಲ. ಬೆಳಿಗ್ಗೆ ಎದ್ದಾಗ ಬಿಪಿ ಏರುತ್ತದೆ, ನಾಡಿ ಜೋರಾಗುತ್ತದೆ, ಕಾರ್ಟಿಸಾಲ್ ಎಂಬ ಹಾರ್ಮೋನು ಮೇಲಿರುತ್ತದೆ, ರಕ್ತನಾಳಗಳು ಸ್ವಲ್ಪ ಬಿಗಿಯಾಗಿರುತ್ತವೆ. ಅದರ ಜೊತೆಗೆ ಪ್ಲೇಟ್‌ಲೆಟ್ ಅಂಟುಗುಣ, ಕರಗಿಸುವ ಶಕ್ತಿಯ ಕುಸಿತ. ರಕ್ತನಾಳದಲ್ಲಿ ಮೊದಲೇ ಕೊಬ್ಬಿನ ಗಂಟು ಇದ್ದು, ಅದು ಆ ಹೊತ್ತಿನಲ್ಲಿ ಬಿರುಕುಬಿಟ್ಟರೆ, ಮೇಲೆ ಕಟ್ಟಿದ ಹೆಪ್ಪು ಕರಗದೆ ಉಳಿಯುವ ಸಾಧ್ಯತೆ ಜಾಸ್ತಿ. ಗಂಟೇ ಇಲ್ಲದ ಆರೋಗ್ಯವಂತರಿಗೆ ಬೆಳಗಿನ ಪಿಎಐ-1 ಏರಿಕೆ ಒಂದರಿಂದಲೇ ಅಪಾಯ ಬರುವುದಿಲ್ಲ.

ಎದೆ ಹಿಂಡಿದಂತಾಗುವುದು, ಮುಖ ಸೊಟ್ಟಗಾಗುವುದು, ಕೈ ಬಲ ಹೋಗುವುದು, ಮಾತು ತೊದಲುವುದು ಕಂಡರೆ ಹೊತ್ತು ನೋಡಬೇಡಿ. ರಾತ್ರಿ ಎರಡು ಗಂಟೆಯಾದರೂ 108ಕ್ಕೆ ಫೋನ್ ಮಾಡಿ. ‘ಬೆಳಗಾಗಲಿ ನೋಡೋಣ’ ಅಂತ ಕಾಯುವುದರಿಂದ ಆಗುವ ನಷ್ಟ ಈ ಪುಟದಲ್ಲಿರುವ ಎಲ್ಲ ಏರಿಳಿತಗಳಿಗಿಂತ ದೊಡ್ಡದು.

ಹಾಗಾದರೆ ಬೆಳಗಿನ ವಾಕಿಂಗ್ ಬಿಟ್ಟು ಸಂಜೆ ಹೋಗಬೇಕಾ?

ಬೇಡ. ನಡೆದಾಗ ರಕ್ತನಾಳದ ಒಳಪದರ ಹೆಚ್ಚು ಟಿಪಿಎ ಬಿಡುತ್ತದೆ, ಅಂದರೆ ನಡಿಗೆಯೇ ಕರಗಿಸುವ ಶಕ್ತಿಯನ್ನು ಎಬ್ಬಿಸುತ್ತದೆ. ತಿಂಗಳುಗಟ್ಟಲೆ ನಡೆಯುವ ರೂಢಿ ಇಟ್ಟುಕೊಂಡು ತೂಕ ಇಳಿದರೆ ಪಿಎಐ-1 ಕೂಡ ಇಳಿಯುತ್ತದೆ. ನಿಮಗೆ ಬೆಳಿಗ್ಗೆ ಹೋಗುವುದೇ ರೂಢಿಯಾಗಿದ್ದರೆ ಅದನ್ನು ಉಳಿಸಿಕೊಳ್ಳಿ. ಹಾಸಿಗೆಯಿಂದ ಎದ್ದ ತಕ್ಷಣ ಓಡುವ ಬದಲು ಮೊದಲ ಹತ್ತು ನಿಮಿಷ ನಿಧಾನಕ್ಕೆ ನಡೆಯಿರಿ, ಅಷ್ಟು ಸಾಕು. ಹೃದಯದ ಕಾಯಿಲೆ ಇರುವವರು ಮಾತ್ರ ಯಾವ ಹೊತ್ತು, ಎಷ್ಟು ಜೋರು ಎಂಬುದನ್ನು ತಮ್ಮ ಡಾಕ್ಟರ ಹತ್ತಿರ ಕೇಳಿಕೊಳ್ಳಬೇಕು.

ನೈಟ್ ಶಿಫ್ಟ್ ಮಾಡುವವರಿಗೆ ಇದು ಉಲ್ಟಾ ಆಗುತ್ತಾ?

ಒಂದೆರಡು ರಾತ್ರಿಗೆ ಆಗುವುದಿಲ್ಲ. ಬೆಂಗಳೂರಿನಲ್ಲಿ ಅಮೆರಿಕದ ಸಮಯಕ್ಕೆ ಕೆಲಸ ಮಾಡುವವರು, ಆಸ್ಪತ್ರೆಯ ನರ್ಸ್‌ಗಳು, ಫ್ಯಾಕ್ಟರಿಯ ಮೂರನೇ ಪಾಳಿಯವರು ಇದನ್ನು ತುಂಬಾ ಕೇಳುತ್ತಾರೆ. ಒಳಗಿನ ಗಡಿಯಾರ ಸರಿಯುವುದು ನಿಧಾನ, ಮತ್ತು ಅದಕ್ಕೆ ಮುಖ್ಯವಾಗಿ ಬೆಳಕು ಬೇಕು. ಪಾಳಿ ಮುಗಿಸಿ ಬೆಳಿಗ್ಗೆ 7ಕ್ಕೆ ಬಸ್ಸಿನ ಕಿಟಕಿ ಪಕ್ಕ ಕೂತು ಬಿಸಿಲು ನೋಡುತ್ತಾ ಮನೆಗೆ ಬರುವವರ ಗಡಿಯಾರ ಹಗಲಿನ ಲೆಕ್ಕದಲ್ಲೇ ಉಳಿಯುತ್ತದೆ. ಅಂದರೆ ಅವರು ಮಲಗಲು ಹೊರಟಿರುವಾಗಲೂ ಪಿಎಐ-1 ಮೇಲೆಯೇ ಇರುತ್ತದೆ.

ವರ್ಷಗಟ್ಟಲೆ ಪಾಳಿ ಕೆಲಸ ಮಾಡುವವರಲ್ಲಿ ಹೃದಯದ ಕಾಯಿಲೆ ಸ್ವಲ್ಪ ಜಾಸ್ತಿ ಎಂಬುದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಅದಕ್ಕೆ ಹೆಪ್ಪು ಕರಗುವಿಕೆ ಒಂದೇ ಕಾರಣವಲ್ಲ. ನಿದ್ದೆ ಕಡಿಮೆ, ಹೊತ್ತಲ್ಲದ ಹೊತ್ತಿನ ಊಟ, ಸಿಗರೇಟು, ಬಿಪಿ ಎಲ್ಲವೂ ಸೇರುತ್ತವೆ. ವಾರ ವಾರಕ್ಕೂ ಪಾಳಿ ಬದಲಿಸುವ ಪದ್ಧತಿ ದೇಹಕ್ಕೆ ಒಳ್ಳೆಯದಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಕೆಲಸ ಕೊಡುವವರು ಇದನ್ನು ಯೋಚಿಸಬೇಕು, ಬರೀ ಕೆಲಸಗಾರರಿಗೆ ಬುದ್ಧಿ ಹೇಳಿದರೆ ಸಾಲದು.

ಹೊಟ್ಟೆ ಬೊಜ್ಜಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಹೊಟ್ಟೆಯೊಳಗಿನ ಕೊಬ್ಬು ಪಿಎಐ-1 ತಯಾರಿಸುತ್ತದೆ. ಬೊಜ್ಜು, ಸಕ್ಕರೆ ಕಾಯಿಲೆ, ಹೆಚ್ಚಿನ ಟ್ರೈಗ್ಲಿಸರೈಡ್ ಇದ್ದವರಲ್ಲಿ ಅದರ ಮಟ್ಟ ದಿನವಿಡೀ ಮೇಲಿರುತ್ತದೆ. ಮೊದಲೇ ಎತ್ತರದಲ್ಲಿರುವ ಮಟ್ಟದ ಮೇಲೆ ಬೆಳಗಿನ ಏರಿಕೆಯೂ ಸೇರುತ್ತದೆ. ನೋಡಲು ತೆಳ್ಳಗಿದ್ದರೂ ಹೊಟ್ಟೆ ಮಾತ್ರ ಮುಂದೆ ಬಂದಿರುವುದು ನಮ್ಮವರಲ್ಲಿ ಸಾಮಾನ್ಯ ಅಲ್ವಾ? ಅದಕ್ಕೇ ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ನೋಡಿಕೊಳ್ಳಬೇಕು.

ಪಿಎಐ-1 ಇಷ್ಟು ಕಾಟ ಕೊಡುವುದಾದರೆ ಅದು ಇಲ್ಲದಿದ್ದರೇ ಒಳ್ಳೆಯದಲ್ವಾ?

ಪೂರ್ತಿ ಇಲ್ಲದಿದ್ದರೆ ಕಷ್ಟ. ಅಮೆರಿಕದ ಇಂಡಿಯಾನಾ ರಾಜ್ಯದ ಬರ್ನ್ ಎಂಬ ಊರಿನಲ್ಲಿ, ಹಳೆಯ ಕಾಲದ ರೀತಿಯಲ್ಲೇ ಬದುಕುವ ಆಮಿಶ್ ಎಂಬ ಕ್ರೈಸ್ತ ಸಮುದಾಯದಲ್ಲಿ ಈ ಜೀನ್ ಕೆಟ್ಟಿರುವ ಮನೆತನಗಳಿವೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಪ್ರತಿ ಬಂದವರಿಗೆ ಗಾಯ, ಆಪರೇಷನ್ ಆದಾಗ ರಕ್ತಸ್ರಾವ ನಿಲ್ಲುವುದಿಲ್ಲ. ಹೆಪ್ಪು ಕಟ್ಟುತ್ತದೆ, ಆದರೆ ಗಾಯ ಮಾಯುವ ಮೊದಲೇ ಕರಗಿಹೋಗುತ್ತದೆ.

ಒಂದೇ ಪ್ರತಿ ಕೆಟ್ಟಿರುವವರ ಕಥೆ ಕುತೂಹಲದ್ದು. ಅವರಲ್ಲಿ ಪಿಎಐ-1 ಅರ್ಧದಷ್ಟಿರುತ್ತದೆ, ರಕ್ತಸ್ರಾವದ ತೊಂದರೆ ಇಲ್ಲ. 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಅದೇ ಸಮುದಾಯದ ಉಳಿದವರಿಗಿಂತ ಸುಮಾರು 10 ವರ್ಷ ಜಾಸ್ತಿ ಬದುಕಿದ್ದು ಕಂಡಿತು. ಸಕ್ಕರೆ ಕಾಯಿಲೆಯೂ ಅವರಲ್ಲಿ ಕಡಿಮೆ. ಹಾಗಂತ ಪಿಎಐ-1 ತಗ್ಗಿಸುವ ಮಾತ್ರೆ ಹುಡುಕಿಕೊಂಡು ಹೋಗಬೇಡಿ. ಇದು ಒಂದು ಸಣ್ಣ ಸಮುದಾಯದ ಮಾತು.

ಟೆಸ್ಟ್‌ಗೆ ರಕ್ತ ಕೊಡಲು ಯಾವ ಹೊತ್ತು ಸರಿ?

ಪಿಎಐ-1, ಟಿಪಿಎ ಟೆಸ್ಟ್ ಎಲ್ಲರಿಗೂ ಬೇಕಾಗಿಲ್ಲ. ಬರೆದುಕೊಟ್ಟರೆ ಮಾತ್ರ ಮಾಡಿಸಿ. ಆಗ ಹೊತ್ತು ತುಂಬಾ ಮುಖ್ಯ. ಒಮ್ಮೆ ಬೆಳಿಗ್ಗೆ 8ಕ್ಕೆ, ಇನ್ನೊಮ್ಮೆ ಸಂಜೆ 5ಕ್ಕೆ ಕೊಟ್ಟರೆ ಎರಡು ರಿಪೋರ್ಟ್ ಹೋಲಿಸಲು ಬರುವುದಿಲ್ಲ. ಏನೂ ಬದಲಾಗದಿದ್ದರೂ ಅರ್ಧಕ್ಕರ್ಧ ಇಳಿದಂತೆ ಕಾಣಬಹುದು. ಪ್ರತಿಸಲವೂ ಒಂದೇ ಹೊತ್ತಿಗೆ, ಹೆಚ್ಚಾಗಿ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಹೋಗಿ. ಮೆಟ್ಟಿಲು ಹತ್ತಿಕೊಂಡು ಬಂದು ತಕ್ಷಣ ಕೈ ಚಾಚಬೇಡಿ. ಕಾಲು ಗಂಟೆ ಸುಮ್ಮನೆ ಕೂತಿರಿ.

ತೋಳಿಗೆ ಕಟ್ಟುವ ಪಟ್ಟಿಯೂ ಲೆಕ್ಕಕ್ಕೆ ಬರುತ್ತದೆ. ಅದನ್ನು ತುಂಬಾ ಹೊತ್ತು ಬಿಗಿದಿಟ್ಟರೆ ರಕ್ತನಾಳ ಅಲ್ಲೇ ಟಿಪಿಎ ಬಿಡಲು ಶುರುಮಾಡುತ್ತದೆ. ಸಂಶೋಧಕರು ಹಿಂದೆ ಇದನ್ನೇ ಬೇಕೆಂದೇ ಮಾಡುತ್ತಿದ್ದರು: ಬಿಪಿ ಪಟ್ಟಿ ಸುತ್ತಿ 10 ನಿಮಿಷ ಗಾಳಿ ತುಂಬಿಟ್ಟು, ರಕ್ತನಾಳ ಎಷ್ಟು ಟಿಪಿಎ ಬಿಡಬಲ್ಲದು ಅಂತ ಅಳೆಯುತ್ತಿದ್ದರು. ಹೆಪ್ಪಿನ ಟೆಸ್ಟ್‌ಗಳಿಗೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬ್ ಬಳಸುತ್ತಾರೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಗೆರೆ ಮುಟ್ಟುವ ತನಕ ತುಂಬದಿದ್ದರೆ ಫಲಿತಾಂಶ ತಪ್ಪುತ್ತದೆ. ಹಾಗಾಗಿ ‘ಇನ್ನೊಂದು ಸಲ ಚುಚ್ಚಬೇಕು’ ಎಂದು ಲ್ಯಾಬಿನವರು ಹೇಳಿದರೆ ಸಿಟ್ಟಾಗಬೇಡಿ, ಅವರು ಸರಿಯಾಗಿಯೇ ಕೆಲಸ ಮಾಡುತ್ತಿದ್ದಾರೆ.

ಆಸ್ಪಿರಿನ್ ರಾತ್ರಿ ತಗೊಂಡರೆ ಒಳ್ಳೆಯದಂತೆ, ಹೌದಾ?

ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ, ಮೊದಲೇ ಆಸ್ಪಿರಿನ್ ತಗೊಳ್ಳುತ್ತಿದ್ದವರ ಮೇಲೆ ಇದನ್ನು ಪರೀಕ್ಷಿಸಿದರು. ಮಲಗುವ ಮುಂಚೆ ತಗೊಂಡವರಲ್ಲಿ ಬೆಳಗಿನ ಪ್ಲೇಟ್‌ಲೆಟ್ ಚುರುಕು ಕಡಿಮೆಯಿತ್ತು. ಪ್ರತಿದಿನ ಹೊಸ ಪ್ಲೇಟ್‌ಲೆಟ್‌ಗಳು ಹುಟ್ಟುತ್ತಲೇ ಇರುತ್ತವೆ. ಹಿಂದಿನ ಬೆಳಿಗ್ಗೆ ನುಂಗಿದ ಮಾತ್ರೆ ಅವನ್ನು ತಲುಪಿರುವುದಿಲ್ಲ, ಹಾಗಾಗಿ ಇದು ಅರ್ಥವಾಗುವಂಥದ್ದೇ. ಆದರೆ ಆ ಅಧ್ಯಯನ ನೋಡಿದ್ದು ಪ್ಲೇಟ್‌ಲೆಟ್ ಮತ್ತು ಬಿಪಿಯನ್ನು, ಹಾರ್ಟ್ ಅಟ್ಯಾಕ್ ತಪ್ಪಿತೇ ಎಂಬುದನ್ನಲ್ಲ. ಮಾತ್ರೆಯ ಹೊತ್ತು ಬದಲಿಸುವುದನ್ನು ಡಾಕ್ಟರ ಹತ್ತಿರ ಕೇಳಿ ಮಾಡಿ. ಕಾಯಿಲೆಯೇ ಇಲ್ಲದವರು ‘ಬೆಳಗಿನ ಹೆಪ್ಪು’ ತಡೆಯಲು ತಾವಾಗಿ ಆಸ್ಪಿರಿನ್ ನುಂಗುವುದಂತೂ ಬೇಡವೇ ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು.

ಔಷಧಿಯ ಮೇಲೂ ಈ ದಿನಚರಿಯ ಪ್ರಭಾವ ಇದೆ. 1985ರಲ್ಲಿ ಫ್ರಾನ್ಸಿನ ವೈದ್ಯರು ಹೆಪ್ಪುಗಟ್ಟುವುದನ್ನು ತಡೆಯುವ ಹೆಪಾರಿನ್ ಎಂಬ ಔಷಧಿಯನ್ನು ದಿನವಿಡೀ ಒಂದೇ ವೇಗದಲ್ಲಿ ಡ್ರಿಪ್ ಕೊಟ್ಟು ನೋಡಿದರು. ಡ್ರಿಪ್ ಬದಲಾಗಲಿಲ್ಲ, ಪರಿಣಾಮ ಬದಲಾಯಿತು. ರಾತ್ರಿ ಹೆಚ್ಚು, ಬೆಳಿಗ್ಗೆ ಕಡಿಮೆ.

ಸಂಜೆ ಕೈ ಕುಯ್ದುಕೊಂಡರೆ ರಕ್ತ ಜಾಸ್ತಿ ಹೋಗುತ್ತಾ?

ತರಕಾರಿ ಹೆಚ್ಚುವಾಗ ಆಗುವ ಗಾಯಕ್ಕೆ ಗೊತ್ತಾಗುವಷ್ಟು ವ್ಯತ್ಯಾಸ ಇರುವುದಿಲ್ಲ. ಬಟ್ಟೆ ಒತ್ತಿ ಹಿಡಿಯಿರಿ, ನಿಲ್ಲುತ್ತದೆ.

ಡೆಂಗಿ ಬಂದಾಗ ಪ್ಲೇಟ್‌ಲೆಟ್ ಕೌಂಟ್ ಬೆಳಿಗ್ಗೆ ಒಂದು, ಸಂಜೆ ಒಂದು ಬರುತ್ತದೆ. ಅದೂ ಇದೇ ಕಾರಣಕ್ಕಾ?

ಅಲ್ಲ. ಆರೋಗ್ಯವಂತರ ಕೌಂಟ್ ಮಧ್ಯಾಹ್ನದ ಮೇಲೆ ಅಲ್ಪಸ್ವಲ್ಪ ಏರುತ್ತದೆ, ಆದರೆ 1.5ರಿಂದ 4.5 ಲಕ್ಷದ ಸಾಮಾನ್ಯ ಮಿತಿಯೊಳಗೆ ಅದು ಲೆಕ್ಕಕ್ಕೇ ಬರುವುದಿಲ್ಲ. ಡೆಂಗಿಯಲ್ಲಿ ಆಗುವ ದೊಡ್ಡ ಇಳಿತ ಕಾಯಿಲೆಯದು. ಅಲ್ಲಿ ಬೆಳಿಗ್ಗೆಯ ಕೌಂಟಿಗಿಂತ ಸಂಜೆಯದು ಕಡಿಮೆ ಬಂದರೆ ‘ದಿನಚರಿ ಇರಬೇಕು’ ಎಂದುಕೊಂಡು ಸುಮ್ಮನಿರಬೇಡಿ. ರಿಪೋರ್ಟನ್ನು ಅವತ್ತೇ ಡಾಕ್ಟರಿಗೆ ತೋರಿಸಿ.